ಜಾತಿಚಿತ್ರವೂ ವ್ಯಕ್ತಿಚಿತ್ರವೂ: ಸೂಕ್ಷ್ಮದರ್ಶಕದಿಂದ ಹುಟ್ಟಿದ ಚಿತ್ರಕಲೆಯ ವಿಚಾರ

೧

ಬರಿಗಣ್ಣಿಗೆ ಗೋಚರವಾಗದ ಜೀವಿಗಳನ್ನು ಸೂಕ್ಷ್ಮದರ್ಶಕಯಂತ್ರದ ಮೂಲಕ ಕಂಡು, ಕಂಡುದನ್ನು ಚಿತ್ರವಾಗಿ ಬರೆಯುವ ಕಲೆಯು ಯೂರೋಪಿನಲ್ಲಿ ಹದಿನೇಳನೆಯ ಶತಮಾನದಲ್ಲಿ ಆರಂಭವಾಯಿತು. ಈ ಕಲೆಯ ವಿಷಯದಲ್ಲಿ ಎರಡು ಪಕ್ಷಗಳುಂಟು. ಚಿತ್ರಗಳು ಸಾಕ್ಷ್ಯಗಳು, ಅವುಗಳ ಸೌಂದರ್ಯವು ಆನುಷಂಗಿಕವಾದುದು ಎಂಬುದು ಒಂದು ಪಕ್ಷ. ಅವು ಕಲಾಕೃತಿಗಳು, ಅವುಗಳ ಯಾಥಾರ್ಥ್ಯವು ಗೌಣವಾದುದು ಎಂಬುದು ಇನ್ನೊಂದು. ಈ ಎರಡೂ ವಿಷಯದ ಅರ್ಧವನ್ನು ಮಾತ್ರ ಹಿಡಿದಿರುವುವೆಂದು ತೋರುತ್ತದೆ. ಒಂದೇ ರೇಖೆಯು ಸಾಕ್ಷ್ಯವೂ ಅಲಂಕಾರವೂ ಆಗಿರುವಲ್ಲಿ, ಆ ರೇಖೆಯು ಯಾವುದನ್ನು ಹೇಳಲು ಹೊರಟಿದೆ ಎಂಬುದನ್ನು ಮೊದಲು ನಿರ್ಣಯಿಸಬೇಕು. ಆ ನಿರ್ಣಯವಿಲ್ಲದೆ ಚಿತ್ರವನ್ನು ಸುಂದರವೆನ್ನುವುದಾಗಲಿ, ಸುಳ್ಳೆನ್ನುವುದಾಗಲಿ ಅವಸರದ ಮಾತಾಗುತ್ತದೆ.

ನಮ್ಮ ಶಾಸ್ತ್ರಕಾರರು ಶಬ್ದದ ವಿಷಯದಲ್ಲಿ ಇಂತಹುದೇ ಪ್ರಶ್ನೆಯನ್ನು ಎತ್ತಿದ್ದರು. ಗೋಶಬ್ದವು ಎದುರಿಗೆ ನಿಂತಿರುವ ಒಂದು ಹಸುವನ್ನು ಹೇಳುತ್ತದೆಯೋ, ಎಲ್ಲ ಹಸುಗಳಲ್ಲಿಯೂ ಅನುಗತವಾಗಿರುವ ಗೋತ್ವವನ್ನು ಹೇಳುತ್ತದೆಯೋ? ಮೀಮಾಂಸಕರು ಸಾಮಾನ್ಯವೇ ಶಬ್ದಾರ್ಥವೆಂದರು. ಗೌತಮನ ನ್ಯಾಯಸೂತ್ರವು ವ್ಯಕ್ತಿ, ಆಕೃತಿ, ಜಾತಿ ಎಂಬ ಮೂರೂ ಪದದ ಅರ್ಥವೆಂದು ಹೇಳಿ, ಜಾತಿಯನ್ನು ಗುರುತಿಸಲು ಸಾಧನವಾದ ಅವಯವಸನ್ನಿವೇಶವೇ ಆಕೃತಿಯೆಂದು ಲಕ್ಷಣವನ್ನು ಮಾಡಿತು. ಇಲ್ಲಿ ಜಾತಿಯೆಂದರೆ ಸಮಾನಧರ್ಮವೆಂಬ ಶಾಸ್ತ್ರೀಯವಾದ ಅರ್ಥವೇ ಹೊರತು ಲೋಕರೂಢಿಯ ಅರ್ಥವಲ್ಲ. ಚಿತ್ರಕಾರನ ಕೈಯಲ್ಲಿರುವುದು ಆಕೃತಿ ಮಾತ್ರ. ಅದರಿಂದ ಅವನು ಒಂದು ವ್ಯಕ್ತಿಯನ್ನು ತೋರಿಸಬಹುದು, ಅಥವಾ ಅನೇಕ ವ್ಯಕ್ತಿಗಳಿಗೆ ಸಾಧಾರಣವಾದ ಜಾತಿಯನ್ನು ತೋರಿಸಬಹುದು. ಮೊದಲನೆಯದನ್ನು ವ್ಯಕ್ತಿಚಿತ್ರವೆಂದೂ ಎರಡನೆಯದನ್ನು ಜಾತಿಚಿತ್ರವೆಂದೂ ಈ ಲೇಖನದಲ್ಲಿ ಕರೆದಿದೆ.

ಆಲಂಕಾರಿಕರಲ್ಲಿಯೂ ಇದಕ್ಕೆ ಸಮೀಪವಾದ ಒಂದು ವಿವಾದವು ನಡೆದಿತ್ತು. ವಸ್ತುವನ್ನು ಇದ್ದಂತೆ ಹೇಳುವ ಸ್ವಭಾವೋಕ್ತಿಗೆ ದಂಡಿಯು ಜಾತಿಯೆಂಬ ಹೆಸರನ್ನೂ ಕೊಟ್ಟು, ಅಲಂಕಾರಗಳಲ್ಲಿ ಅದಕ್ಕೆ ಮೊದಲ ಸ್ಥಾನವನ್ನಿತ್ತು, ಶಾಸ್ತ್ರದಲ್ಲಿ ಅದಕ್ಕೆ ಪ್ರಭುತ್ವವುಂಟೆಂದೂ ಕಾವ್ಯದಲ್ಲಿಯೂ ಅದು ಇಷ್ಟವಾದುದೆಂದೂ ಹೇಳಿದನು. ಕುಂತಕನು ಇದನ್ನು ಒಪ್ಪಲಿಲ್ಲ. ಸ್ವಭಾವವು ಅಲಂಕರಿಸಲ್ಪಡತಕ್ಕ ವಸ್ತು. ಅದೇ ಅಲಂಕಾರವಾಗುವುದು ಹೇಗೆ? ಮಹಿಮಭಟ್ಟನು ವ್ಯಕ್ತಿವಿವೇಕದಲ್ಲಿ ವಸ್ತುವಿಗೆ ಸಾಮಾನ್ಯ, ವಿಶಿಷ್ಟ ಎಂಬ ಎರಡು ರೂಪಗಳನ್ನು ಹೇಳಿ, ವಿಶಿಷ್ಟರೂಪವನ್ನು ಪ್ರತಿಭೆಯಿಂದ ಹಿಡಿದು ಕೊಡುವುದೇ ಸ್ವಭಾವೋಕ್ತಿಯೆಂದು ಸಮಾಧಾನ ಮಾಡಿದನು. ಶಾಸ್ತ್ರಕ್ಕೂ ಕಾವ್ಯಕ್ಕೂ ನಡುವಿನ ಗಡಿಯಲ್ಲಿ ನಿಂತಿರುವ ಸೂಕ್ಷ್ಮದರ್ಶಕದ ಚಿತ್ರವನ್ನು ಪರೀಕ್ಷಿಸಲು ಈ ವಿವೇಚನೆಯು ಉಪಯುಕ್ತವಾದ ಒರೆಗಲ್ಲಾಗಿದೆ.

ಇನ್ನೊಂದು ವಿಶೇಷವನ್ನೂ ಇಲ್ಲಿಯೇ ಹೇಳಬೇಕು. ಕುದುರೆಯ ಚಿತ್ರವನ್ನು ನೋಡುವವನು ಕುದುರೆಯನ್ನು ಕಂಡಿರುತ್ತಾನೆ. ಆದುದರಿಂದ ಚಿತ್ರದ ಗುಣದೋಷಗಳನ್ನು ತಾನೇ ಹೇಳಬಲ್ಲನು. ಯಂತ್ರದಿಂದ ಮಾತ್ರ ಕಾಣುವ ಜೀವಿಯ ಚಿತ್ರವನ್ನು ನೋಡುವವನಿಗೆ ಮೂಲವಸ್ತುವಿನ ಪ್ರತ್ಯಕ್ಷವೇ ಇರುವುದಿಲ್ಲ. ಅವನ ಪಾಲಿಗೆ ಆ ಚಿತ್ರವು ಆಪ್ತವಾಕ್ಯದ ಸ್ಥಾನದಲ್ಲಿ ನಿಲ್ಲುತ್ತದೆ. ಹೀಗಾಗಿ ಚಿತ್ರಕಾರನ ಆಪ್ತತ್ವವೇ ಇಲ್ಲಿ ಪಣವಾಗಿರುವ ವಸ್ತು.

೨

ಲಂಡನ್ನಿನ ರಾಯಲ್ ಸೊಸೈಟಿಯವರ ಆಶ್ರಯದಲ್ಲಿ ೧೬೬೫ರಲ್ಲಿ ಪ್ರಕಟವಾದ ರಾಬರ್ಟ್ ಹುಕ್ಕನ "ಮೈಕ್ರೊಗ್ರಾಫಿಯಾ" ಎಂಬ ಗ್ರಂಥವು ಈ ಕಲೆಯ ಮೊದಲ ಮಹಾಕೃತಿ. ಇದರಲ್ಲಿ ತಾಮ್ರಫಲಕಗಳಿಂದ ಅಚ್ಚಾದ ೩೮ ಚಿತ್ರಪಟಗಳಿವೆ. ಹುಕ್ಕನು (೧೬೩೫–೧೭೦೩) ಬಾಲ್ಯದಲ್ಲಿ ಪೀಟರ್ ಲೀಲಿಯೆಂಬ ಪ್ರಸಿದ್ಧ ಚಿತ್ರಕಾರನಲ್ಲಿ ಕೆಲವು ಕಾಲ ಶಿಷ್ಯನಾಗಿದ್ದವನು. ಚಿಗಟವೊಂದನ್ನು ಗ್ರಂಥದ ಪುಟಕ್ಕಿಂತಲೂ ದೊಡ್ಡದಾದ ಮಡಿಕೆಯ ಹಾಳೆಯಲ್ಲಿ ತೋರಿಸಿದ ಅವನ ಚಿತ್ರವು ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತದೆ. ಆದರೆ ಆ ಚಿತ್ರಕ್ಕಿಂತಲೂ ಮುಖ್ಯವಾದುದು ಅವನು ಪೀಠಿಕೆಯಲ್ಲಿ ಹೇಳಿರುವ ಮಾತು. ನೊಣದ ಕಣ್ಣು ಒಂದು ಬೆಳಕಿನಲ್ಲಿ ರಂಧ್ರಗಳುಳ್ಳ ಜಾಲಂದರದಂತೆಯೂ, ಬಿಸಿಲಿನಲ್ಲಿ ಚಿನ್ನದ ಮೊಳೆಗಳನ್ನು ಹೊಡೆದ ಹಲಗೆಯಂತೆಯೂ, ಬೇರೆ ಭಂಗಿಗಳಲ್ಲಿ ಶಂಕುಗಳ ಮತ್ತು ಗೋಪುರಗಳ ಸಾಲಿನಂತೆಯೂ ತೋರುವುದೆಂದು ಅವನು ತಿಳಿಸುತ್ತಾನೆ. ಈ ಕಾರಣದಿಂದ ಒಂದೇ ವಸ್ತುವನ್ನು ಹಲವು ಬೆಳಕುಗಳಲ್ಲಿ, ಹಲವು ಭಂಗಿಗಳಲ್ಲಿ ಪರೀಕ್ಷಿಸಿ, ನಿಜವಾದ ರೂಪವು ಮನಸ್ಸಿಗೆ ದೃಢವಾದ ಬಳಿಕವೇ ಚಿತ್ರವನ್ನು ಬರೆಯುವುದು ಅವನ ಪದ್ಧತಿಯಾಗಿದ್ದಿತು.

ಎಂದಮೇಲೆ ಅವನು ಬರೆದ ಕಣ್ಣು ಯಾವುದೊಂದು ಕ್ಷಣದಲ್ಲಿಯೂ ಮಸೂರದ ಕೆಳಗೆ ಹಾಗೆಯೇ ಕಂಡುದಲ್ಲ. ಅನೇಕ ದರ್ಶನಗಳಿಂದ ಬುದ್ಧಿಯು ಕೂಡಿಸಿದ ರೂಪವದು. ಇರುವೆಯು ಒಂದೆಡೆ ನಿಲ್ಲದೆ ಓಡಾಡುತ್ತಿದ್ದುದರಿಂದ ಅದಕ್ಕೆ ಮದ್ಯಸಾರದಿಂದ ಮೈಮರೆಯುವಂತೆ ಮಾಡಿ ಬರೆದುದನ್ನೂ, ಆಮೇಲೆ ಅದು ಚೇತರಿಸಿಕೊಂಡು ಓಡಿಹೋದುದನ್ನೂ ಅವನು ಮರೆಮಾಚದೆ ಹೇಳಿದ್ದಾನೆ. ಕೂಡಿಸಿದೆನೆಂದು ಹೇಳಿ ಕೂಡಿಸುವುದೇ ಹುಕ್ಕನ ಆಪ್ತತ್ವದ ತಳಹದಿ.

ಅವನ ಸಮಕಾಲೀನನಾದ ಲೇವನ್‌ಹುಕ್ (೧೬೩೨–೧೭೨೩) ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ. ತಾನೇ ಅರೆದು ಮಾಡಿದ ಪುಟ್ಟ ಮಸೂರಗಳಿಂದ ನೀರಿನ ಹನಿಯಲ್ಲಿ ಜೀವಿಗಳನ್ನು ಕಂಡು, ೧೬೭೬ರಲ್ಲಿ ರಾಯಲ್ ಸೊಸೈಟಿಗೆ ಆ ಪ್ರಸಿದ್ಧವಾದ ಪತ್ರವನ್ನು ಬರೆದನು. ಚಿತ್ರ ಬರೆಯುವುದು ತನಗೆ ಬಾರದೆಂದು ತಿಳಿದಿದ್ದ ಅವನು ಬೇರೆ ಚಿತ್ರಕಾರರಿಂದ ಬರೆಯಿಸುತ್ತಿದ್ದನು. ಕಾಣುವವನೊಬ್ಬ, ಬರೆಯುವವನೊಬ್ಬ ಎಂಬ ವಿಭಾಗವು ಹೀಗೆ ಆರಂಭದಲ್ಲಿಯೇ ಉಂಟಾಯಿತು.

ಕಾಣುವವನ ಸಿದ್ಧಾಂತವು ರೇಖೆಯೊಳಗೆ ಇಳಿಯುವುದಕ್ಕೆ ಎರೆನ್‌ಬರ್ಗನ ಕೃತಿಯು ಸ್ಪಷ್ಟವಾದ ನಿದರ್ಶನ. ಜರ್ಮನಿಯ ಈ ವಿದ್ವಾಂಸನು (೧೭೯೫–೧೮೭೬) ೧೮೩೮ರಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಕುರಿತು ೬೪ ವರ್ಣಪಟಗಳಿಂದ ಕೂಡಿದ ಬೃಹದ್ಗ್ರಂಥವನ್ನು ಪ್ರಕಟಿಸಿದನು. ಈ ಜೀವಿಗಳೂ ದೊಡ್ಡ ಪ್ರಾಣಿಗಳಂತೆಯೇ ಸರ್ವಾಂಗಪರಿಪೂರ್ಣವೆಂಬುದು ಅವನ ಮತ. ಗ್ರಂಥದ ಹೆಸರೇ ಆ ಮತವನ್ನು ಸಾರುತ್ತದೆ. ನೀಲಿ ಮತ್ತು ಕೆಂಪು ಬಣ್ಣದ ಪುಡಿಗಳನ್ನು ಅವುಗಳಿಗೆ ತಿನ್ನಿಸಿದಾಗ ಮೈಯೊಳಗೆ ಬಣ್ಣದ ಗುಳ್ಳೆಗಳು ತೋರಿದುವು. ಅವನು ಅವುಗಳನ್ನು ಹೊಟ್ಟೆಗಳೆಂದು ಎಣಿಸಿ, ಆ ವರ್ಗಕ್ಕೆ ಬಹೂದರಗಳೆಂಬ ಅರ್ಥದ ಹೆಸರಿಟ್ಟು, ಚಿತ್ರಗಳಲ್ಲಿಯೂ ಹಾಗೆಯೇ ತೋರಿಸಿದನು. ಫ್ರಾನ್ಸಿನ ಡ್ಯುಜಾರ್ಡಿನನು ೧೮೩೫ರಿಂದಲೂ ಈ ಮತವನ್ನು ಖಂಡಿಸುತ್ತ, ಅಲ್ಲಿರುವುದು ಅಂಗಾಂಗಗಳಲ್ಲ, ಸಜೀವವಾದ ಒಂದು ಲೋಳೆಯ ದ್ರವ್ಯವೆಂದು ತೋರಿಸಿದನು. ಇವು ಏಕಕೋಶಜೀವಿಗಳೆಂಬ ನಿರ್ಣಯವನ್ನು ೧೮೪೫ರಲ್ಲಿ ಸೀಬೋಲ್ಡನು ಮುಂದಿಟ್ಟನು. ಎರೆನ್‌ಬರ್ಗನು ವಂಚಕನಲ್ಲ, ಗುಳ್ಳೆಗಳು ಅಲ್ಲಿದ್ದುದು ನಿಜ. ಆದರೆ ಉದರತ್ವವೆಂಬ ಜಾತಿಯನ್ನು ಅವನು ಬಣ್ಣದ ಜತೆಯಲ್ಲಿಯೇ ಹಚ್ಚಿದನು.

೩

ಈ ಕಲೆಯ ವೈಭವವೂ ಸಂಕಟವೂ ಏಕತ್ರವಾಗಿ ಕಾಣುವುದು ಅರ್ನ್ಸ್ಟ್ ಹೆಕೆಲನಲ್ಲಿ (೧೮೩೪–೧೯೧೯). ಪಾಟ್ಸ್‌ಡಾಮಿನಲ್ಲಿ ಹುಟ್ಟಿ ಯೇನಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ ಇವನು ಯೌವನದಲ್ಲಿ ವೈದ್ಯವೃತ್ತಿಗೂ ಚಿತ್ರಕಲೆಗೂ ನಡುವೆ ತೂಗಾಡಿದವನು. ೧೮೫೯ರಲ್ಲಿ ಇಟಲಿಗೆ ಹೋದಾಗ ಭೂದೃಶ್ಯಗಳ ಚಿತ್ರಕಾರನಾಗಿಬಿಡುವ ಯೋಚನೆಯೂ ಅವನಿಗೆ ಬಂದಿದ್ದಿತು. ಅದೇ ವರ್ಷದ ಚಳಿಗಾಲದಲ್ಲಿ ಮೆಸ್ಸೀನಾ ಬಂದರಿನಲ್ಲಿ ಸಮುದ್ರದ ನೀರನ್ನು ಸೋಸಿ ನೋಡುವಾಗ ಅವನು ರೇಡಿಯೊಲೇರಿಯಾ ಎಂಬ ಏಕಕೋಶಜೀವಿಗಳಿಗೆ ಮನಸೋತನು. ಇವುಗಳಲ್ಲಿ ಬಹುಪಾಲು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗಗಳಷ್ಟು ಗಾತ್ರದವು. ಗಾಜಿನ ಮೂಲದ್ರವ್ಯವಾದ ಸಿಲಿಕದಿಂದ ಇವು ಕಟ್ಟಿಕೊಳ್ಳುವ ಅಸ್ಥಿಪಂಜರವು ಜಾಲರಿಯ ಗೋಳ, ಮುಳ್ಳಿನ ನಕ್ಷತ್ರ, ಕಿರೀಟ, ಗಂಟೆ ಮುಂತಾದ ರೂಪಗಳನ್ನು ತಾಳುತ್ತದೆ. ೧೮೬೨ರಲ್ಲಿ ೩೫ ತಾಮ್ರಪಟಗಳೊಡನೆ ಇವುಗಳ ಮೇಲೆ ಅವನು ಬರೆದ ಗ್ರಂಥವು ಪ್ರಕಟವಾಯಿತು. ಬ್ರಿಟಿಷರ ಚಾಲೆಂಜರ್ ನೌಕೆಯು ೧೮೭೨ರಿಂದ ೧೮೭೬ರ ವರೆಗೆ ಮಹಾಸಾಗರಗಳನ್ನು ಶೋಧಿಸಿ ತಂದ ಕೆಸರಿನಲ್ಲಿಯೂ ನೀರಿನಲ್ಲಿಯೂ ಇದ್ದ ರೇಡಿಯೊಲೇರಿಯಾಗಳ ಪರೀಕ್ಷೆಯು ಅವನಿಗೆ ಒಪ್ಪಿಸಲ್ಪಟ್ಟಿತು. ೧೮೮೭ರಲ್ಲಿ ಹೊರಬಂದ ಅವನ ವರದಿಯಲ್ಲಿ ೩೫೦೦ಕ್ಕೂ ಹೆಚ್ಚು ಹೊಸ ಪ್ರಭೇದಗಳ ವರ್ಣನೆಯೂ ೧೪೦ ಚಿತ್ರಪಟಗಳೂ ಇವೆ.

ಈ ಪರಿಶ್ರಮದ ಫಲವನ್ನು ಸಾಮಾನ್ಯಜನರ ಮುಂದಿಡಲು ಅವನು ೧೮೯೯ರಿಂದ ೧೯೦೪ರ ವರೆಗೆ ಹತ್ತು ಹತ್ತು ಪಟಗಳ ಕಂತುಗಳಾಗಿ ನೂರು ಪಟಗಳ "ಕುನ್ಸ್ಟ್‌ಫಾರ್ಮೆನ್ ಡೆರ್ ನಾಟೂರ್" ಎಂಬ ಸಂಪುಟವನ್ನು ಹೊರತಂದನು. "ಪ್ರಕೃತಿಯ ಕಲಾರೂಪಗಳು" ಎಂಬುದು ಈ ಹೆಸರಿನ ಅರ್ಥ. ಹೆಕೆಲನ ಚಿತ್ರಗಳನ್ನು ಕಲ್ಲಚ್ಚಿಗೆ ಇಳಿಸಿದವನು ಯೇನಾದ ಅಡಾಲ್ಫ್ ಗಿಲ್ಟ್ಷ್ ಎಂಬ ಕುಶಲಿ. ಲೋಳೆಮೀನು, ಹಕ್ಕಿ, ಆರ್ಕಿಡ್ ಹೂವು ಮುಂತಾದ ದೊಡ್ಡ ಜೀವಿಗಳೂ ಇದರಲ್ಲಿ ಇವೆಯಾದರೂ, ಗ್ರಂಥಕ್ಕೆ ತನ್ನತನವನ್ನು ಕೊಟ್ಟುದು ರೇಡಿಯೊಲೇರಿಯಾ, ಡಯಾಟಮ್ ಮುಂತಾದ ಸೂಕ್ಷ್ಮಜೀವಿಗಳ ಪಟಗಳೇ. ಒಂದೊಂದು ಪಟದಲ್ಲಿಯೂ ದೊಡ್ಡ ಆಕೃತಿಯನ್ನು ನಡುವೆ ನಿಲ್ಲಿಸಿ, ಉಳಿದುವನ್ನು ದೇವಾಲಯದ ಪರಿವಾರದೇವತೆಗಳಂತೆ ಎಡಬಲಗಳಲ್ಲಿ ಸರಿತೂಕವಾಗಿ ಜೋಡಿಸಲಾಗಿದೆ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿಸಿದ ರೂಪಗಳು ಒಂದೇ ಪಟದಲ್ಲಿ ಸೇರಿವೆ. ಸಮುದ್ರದಲ್ಲಿ ಇವು ಎಂದೂ ಹೀಗೆ ಒಡ್ಡೋಲಗವಾಗಿ ನೆರೆಯುವುದಿಲ್ಲ.

ಪ್ರಕೃತಿಯಲ್ಲಿರುವುದನ್ನು ಯಥಾವತ್ತಾಗಿ ಕೊಡುವುದಷ್ಟೇ ತನ್ನ ಕೆಲಸ, ಅದನ್ನು ಅಲಂಕಾರಕ್ಕೆ ಬಳಸುವುದು ಕಲಾವಿದರಿಗೆ ಬಿಟ್ಟುದು ಎಂಬುದು ಹೆಕೆಲನ ನಿಲುವಾಗಿದ್ದಿತು. ಕಲಾವಿದರು ಅದನ್ನು ಕೂಡಲೆ ಕೈಗೆತ್ತಿಕೊಂಡರು. ೧೯೦೦ರ ಪ್ಯಾರಿಸ್ ವಿಶ್ವಪ್ರದರ್ಶನಕ್ಕೆ ಪ್ಲಾಸ್ ದ ಲಾ ಕಾಂಕಾರ್ಡ್ ಚೌಕದಲ್ಲಿ ಕಟ್ಟಿದ ಮಹಾದ್ವಾರವನ್ನು ರೆನೆ ಬಿನೆ (೧೮೬೬–೧೯೧೧) ಎಂಬ ಶಿಲ್ಪಿಯು ರೇಡಿಯೊಲೇರಿಯಾದ ಪಂಜರವನ್ನು ನೋಡಿ ಕಲ್ಪಿಸಿದನು. ಅವನು ಈ ವಿಷಯವನ್ನು ಹೆಕೆಲನಿಗೇ ಪತ್ರದಲ್ಲಿ ತಿಳಿಸಿದ್ದನು. ಕಣ್ಣಿಗೆ ಕಾಣದ ಜೀವಿಯ ಎಲುಬು ವಿದ್ಯುದ್ದೀಪಗಳಿಂದ ಬೆಳಗುವ ಕಮಾನಾಗಿ, ಜನಸಮೂಹವು ಅದರ ಕೆಳಗೆ ನಡೆದುಹೋಯಿತು. ಪ್ರದರ್ಶನವು ಮುಗಿದ ಮೇಲೆ ಆ ದ್ವಾರವನ್ನು ಕೆಡವಲಾಯಿತು. ಬೊಹೆಮಿಯಾ ದೇಶದ ಬ್ಲಾಷ್ಕಾ ಎಂಬ ತಂದೆಮಕ್ಕಳು ಹೆಕೆಲನ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ರೇಡಿಯೊಲೇರಿಯಾಗಳನ್ನು ಗಾಜಿನಲ್ಲಿಯೇ ಮಾಡಿದ್ದರು.

ಈ ಪಟಗಳಲ್ಲಿ ಹೆಕೆಲನು ಬರೆದುದು ಜಾತಿಚಿತ್ರಗಳನ್ನು. ೧೮೬೬ರ ತನ್ನ ರೂಪವಿಜ್ಞಾನದ ಗ್ರಂಥದಲ್ಲಿಯೇ ಅವನು ಜೀವಿಗಳ ಆಕಾರಗಳನ್ನು ಅಕ್ಷಗಳಿಂದಲೂ ಸಮಾಂಗತೆಯಿಂದಲೂ ವರ್ಗೀಕರಿಸಿದ್ದನು. ಮಸೂರದ ಕೆಳಗಿನ ಒಂದು ಪಂಜರದಲ್ಲಿ ಮುಳ್ಳು ಮುರಿದಿರಬಹುದು, ಜಾಲರಿಯ ಕಣ್ಣುಗಳು ಒರೆಕೋರೆಯಾಗಿರಬಹುದು; ಪಟದಲ್ಲಿ ಅವು ನೆಟ್ಟಗಾಗುತ್ತವೆ. ಇದು ದೋಷವೇ? ಅಲ್ಲವೆಂದೇ ಹೇಳಬೇಕು. ಪ್ರಭೇದದ ಲಕ್ಷಣವನ್ನು ಹೇಳಹೊರಟ ಚಿತ್ರವು ಒಂದು ಮುರಿದ ಮುಳ್ಳನ್ನು ಲಕ್ಷಣದಲ್ಲಿ ಸೇರಿಸಬೇಕಾಗಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಬಂದ ಮೇಲೆ ನೋಡಿದಾಗ ರೇಡಿಯೊಲೇರಿಯಾಗಳ ಪಂಜರಗಳು ನಿಜವಾಗಿಯೂ ಆಶ್ಚರ್ಯಕರವಾದ ಜ್ಯಾಮಿತಿಯುಳ್ಳವೆಂದು ಕಂಡುಬಂದಿದೆ. ಲಾವಣ್ಯವು ಹೆಕೆಲನು ಹೊರಗಿನಿಂದ ತಂದು ಹೇರಿದುದಲ್ಲ. ಇದ್ದುದನ್ನೇ ಅವನು ಒತ್ತಿಹೇಳಿದನು. ದಂಡಿಯ ಅರ್ಥದಲ್ಲಿ ಇದು ಸ್ವಭಾವೋಕ್ತಿಯೇ ಸರಿ.

೪

ಆದರೆ ಇದೇ ಕೈ ಇನ್ನೊಂದು ಕಡೆಯಲ್ಲಿ ಎಡವಿತು. ೧೮೬೮ರಲ್ಲಿ ಹೆಕೆಲನು ಡಾರ್ವಿನ್ನನ ವಿಕಾಸವಾದವನ್ನು ಜನರಿಗೆ ತಿಳಿಸಲು ಸೃಷ್ಟಿಯ ಇತಿಹಾಸವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ನಾಯಿ, ಕೋಳಿ, ಆಮೆ ಇವುಗಳ ಭ್ರೂಣಗಳು ಮೊದಲ ಅವಸ್ಥೆಯಲ್ಲಿ ಪರಸ್ಪರ ಸದೃಶವೆಂದು ತೋರಿಸಲು ಮೂರು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಅಚ್ಚುಮಾಡಿಸಿದನು. ಬಾಸೆಲ್ ನಗರದ ರ‍್ಯೂಟಿಮೈಯರ್ ಎಂಬ ವಿದ್ವಾಂಸನು ಅವುಗಳನ್ನು ಪರೀಕ್ಷಿಸಿ, ಒಂದೇ ಮರದಚ್ಚನ್ನು ಮೂರು ಸಲ ಒತ್ತಿ ಮೂರು ಹೆಸರುಗಳನ್ನು ಕೊಟ್ಟಿದೆಯೆಂದು ಬಯಲಿಗೆ ತಂದನು. ೧೮೭೦ರ ಎರಡನೆಯ ಮುದ್ರಣದಲ್ಲಿ ಮೂರರ ಸ್ಥಾನದಲ್ಲಿ ಒಂದೇ ಚಿತ್ರವು ನಿಂತಿತು. ಆ ಅವಸ್ಥೆಯಲ್ಲಿ ಭೇದವು ಕಾಣುವುದೇ ಇಲ್ಲವೆಂಬುದು ಹೆಕೆಲನ ಸಮರ್ಥನೆ. ೧೮೭೪ರ ಗ್ರಂಥದಲ್ಲಿ ಮೀನಿನಿಂದ ಮನುಷ್ಯನ ವರೆಗೆ ಎಂಟು ಪ್ರಾಣಿಗಳ ಭ್ರೂಣಗಳನ್ನು ಮೂರು ಅವಸ್ಥೆಗಳಲ್ಲಿ ಸಾಲಾಗಿ ತೋರಿಸಿದ ಪಟಗಳು ಬಂದುವು. ಅವನ್ನು ವಿಲ್ಹೆಲ್ಮ್ ಹಿಸ್ ಎಂಬ ಭ್ರೂಣವಿಜ್ಞಾನಿಯು ತೀವ್ರವಾಗಿ ಖಂಡಿಸಿದನು.

೧೯೦೮ರಲ್ಲಿ ಆರ್ನಾಲ್ಡ್ ಬ್ರಾಸ್ ಎಂಬವನು ಈ ಆಪಾದನೆಯನ್ನು ಮತ್ತೆ ಎತ್ತಿದಾಗ ಹೆಕೆಲನು ಕೊಟ್ಟ ಉತ್ತರವು ಗಮನಾರ್ಹವಾದುದು. ತನ್ನ ಭ್ರೂಣಚಿತ್ರಗಳಲ್ಲಿ ಬಹುಶಃ ನೂರಕ್ಕೆ ಆರು ಅಥವಾ ಎಂಟರಷ್ಟು ಬ್ರಾಸನ ಅರ್ಥದಲ್ಲಿ ಕೃತಕವೇ. ನೋಡಲು ಸಿಕ್ಕಿದ ಸಾಮಗ್ರಿಯು ಅಪೂರ್ಣವಾಗಿದ್ದಲ್ಲಿ ನಡುವಣ ಕೊರತೆಯನ್ನು ಊಹೆಯಿಂದಲೂ ತೌಲನಿಕ ಜ್ಞಾನದಿಂದಲೂ ತುಂಬಬೇಕಾಯಿತು ಎಂಬುದು ಆ ಉತ್ತರದ ತಾತ್ಪರ್ಯ. ೧೯೯೭ರಲ್ಲಿ ಮೈಕೆಲ್ ರಿಚರ್ಡ್‌ಸನ್ ಮತ್ತು ಅವರ ಸಹಕಾರಿಗಳು ಅನೇಕ ಪ್ರಾಣಿಗಳ ಭ್ರೂಣಗಳ ಛಾಯಾಚಿತ್ರಗಳನ್ನು ಪ್ರಕಟಿಸಿ, ಹೆಕೆಲನು ತೋರಿಸಿದಷ್ಟು ಸಾಮ್ಯವು ಅಲ್ಲಿಲ್ಲವೆಂದು ಸ್ಥಾಪಿಸಿದರು. ಇದರಿಂದ ವಿಕಾಸವಾದಕ್ಕೆ ಹಾನಿಯಿಲ್ಲ. ಅದು ಈ ಪಟಗಳ ಮೇಲೆ ನಿಂತುದಲ್ಲ. ಹಾನಿಯಾದುದು ಚಿತ್ರಕಾರನ ಆಪ್ತತ್ವಕ್ಕೆ.

ಇಲ್ಲಿ ಒಂದು ಶಂಕೆಯುಂಟಾಗಬಹುದು. ರೇಡಿಯೊಲೇರಿಯಾವನ್ನು ನೆಟ್ಟಗೆ ಮಾಡಿದುದು ದೋಷವಲ್ಲವಾದರೆ, ಭ್ರೂಣಗಳನ್ನು ಸಮನಾಗಿ ಮಾಡಿದುದು ದೋಷವಾಗುವುದು ಹೇಗೆ? ಎರಡು ಕಡೆಯಲ್ಲಿಯೂ ಅವನು ಜಾತಿಯನ್ನೇ ಬರೆದನಲ್ಲವೆ? ಇದಕ್ಕೆ ಸಮಾಧಾನ ಹೀಗೆ. ರೇಡಿಯೊಲೇರಿಯಾದ ಪಟವು ಪ್ರಭೇದದ ಲಕ್ಷಣವನ್ನು ಹೇಳುತ್ತದೆ. ಲಕ್ಷಣಕ್ಕೆ ಜಾತಿಚಿತ್ರವೇ ಯೋಗ್ಯ. ಭ್ರೂಣಗಳ ಪಟವಾದರೋ ಸಾಮ್ಯವನ್ನು ಸಾಧಿಸುವ ಹೇತುವಾಗಿ ಬಂದಿದೆ. ನಾಯಿಯದು ಇದು, ಆಮೆಯದು ಇದು ಎಂದು ಬೇರೆ ಬೇರೆಯಾಗಿ ನಿರ್ದೇಶಿಸಿದ ಮೇಲೆ ಅವು ಬೇರೆ ಬೇರೆ ಸಾಕ್ಷಿಗಳಾಗಬೇಕು. ಒಬ್ಬನೇ ಸಾಕ್ಷಿಯನ್ನು ಮೂರು ಹೆಸರುಗಳಿಂದ ಕರೆದರೆ ಸಾಕ್ಷ್ಯವು ಮೂರಾಗುವುದಿಲ್ಲ. ಸಾಧಿಸಬೇಕಾದ ಸಾಮ್ಯವನ್ನೇ ಸಾಧನದಲ್ಲಿ ಮೊದಲೇ ಇಟ್ಟುದರಿಂದ ಇದು ತಾರ್ಕಿಕರು ಸಾಧ್ಯಸಮವೆಂದು ಕರೆಯುವ ಹೇತ್ವಾಭಾಸಕ್ಕೆ ಸಮಾನವಾದುದು. ಅಂದರೆ ಜಾತಿಚಿತ್ರವನ್ನು ಬರೆದುದು ದೋಷವಲ್ಲ. ಅದನ್ನು ವ್ಯಕ್ತಿಚಿತ್ರಗಳ ಸ್ಥಾನದಲ್ಲಿ ನಿಲ್ಲಿಸಿದುದು ದೋಷ.

೫

ಹಾಗಿದ್ದರೆ ಕೈಯ ಚಿತ್ರವನ್ನೇ ಬಿಟ್ಟು ಯಂತ್ರವೇ ಬರೆಯುವ ಛಾಯಾಚಿತ್ರವನ್ನು ಆಶ್ರಯಿಸಿದರೆ ಸಾಕಲ್ಲವೆ ಎಂಬುದು ಎರಡನೆಯ ಶಂಕೆ. ಇದು ಹೊಸ ಯೋಚನೆಯಲ್ಲ. ೧೮೪೫ರಲ್ಲಿಯೇ ಪ್ಯಾರಿಸಿನ ದೋನೆ ಎಂಬ ವೈದ್ಯನು ಫೂಕೋ ಎಂಬವನ ಸಹಾಯದಿಂದ ಸೂಕ್ಷ್ಮದರ್ಶಕದ ಬಿಂಬಗಳನ್ನು ಬೆಳಕಿನಿಂದಲೇ ಮೂಡಿಸಿ, ಅವನ್ನು ಕೆತ್ತಿಸಿ ಪ್ರಕಟಿಸಿದ್ದನು. ೧೮೭೭ರಲ್ಲಿ ರಾಬರ್ಟ್ ಕಾಖನು ಬ್ಯಾಕ್ಟೀರಿಯಾಗಳ ಛಾಯಾಚಿತ್ರಗಳನ್ನು ಪ್ರಕಟಿಸಿ ಈ ಮಾರ್ಗಕ್ಕೆ ಗೌರವವನ್ನು ತಂದನು. ಛಾಯಾಚಿತ್ರವು ವ್ಯಕ್ತಿಯನ್ನು ಕೊಡುತ್ತದೆಂಬುದು ನಿಸ್ಸಂದೇಹ. ಆದರೆ ಮಸೂರವು ಒಂದು ತೆಳುವಾದ ಪದರವನ್ನು ಮಾತ್ರ ಸ್ಫುಟವಾಗಿ ತೋರಿಸುವುದರಿಂದ, ಆ ಪದರಕ್ಕೆ ಮೇಲೆ ಕೆಳಗೆ ಇರುವುದೆಲ್ಲವೂ ಮಸಕಾಗುತ್ತದೆ. ಒಂದು ಛಾಯಾಚಿತ್ರದಿಂದ ಲಕ್ಷಣವು ದೊರೆಯುವುದಿಲ್ಲ.

ಈ ನ್ಯೂನತೆಯನ್ನು ಕೈಯ ಚಿತ್ರವು ಹೇಗೆ ತುಂಬಿತೆಂಬುದಕ್ಕೆ ಸ್ಪೇನ್ ದೇಶದ ರಮೋನ್ ಈ ಕಹಾಲನ (೧೮೫೨–೧೯೩೪) ನರಕೋಶಗಳ ಚಿತ್ರಗಳು ದೃಷ್ಟಾಂತ. ಇವನೂ ಬಾಲ್ಯದಲ್ಲಿ ಚಿತ್ರಕಾರನಾಗಬೇಕೆಂದು ಬಯಸಿದವನು. ಇಟಲಿಯ ಗಾಲ್ಜಿಯು ೧೮೭೩ರಲ್ಲಿ ಕಂಡುಹಿಡಿದ ಕರಿಬಣ್ಣದ ಕ್ರಿಯೆಯಿಂದ ಮೆದುಳಿನ ಅಸಂಖ್ಯಾತ ಕೋಶಗಳಲ್ಲಿ ಕೆಲವು ಮಾತ್ರ ಬಣ್ಣಗೊಂಡು ಸ್ಪಷ್ಟವಾಗಿ ಎದ್ದುಕಾಣುತ್ತವೆ. ಕಹಾಲನು ಅನೇಕ ಛೇದಗಳನ್ನು ನೋಡಿ, ಅವುಗಳಲ್ಲಿ ಕಂಡುದನ್ನು ಒಂದೇ ಚಿತ್ರದಲ್ಲಿ ಕೂಡಿಸಿದನು. ಅದೇ ಬಣ್ಣವನ್ನು ಬಳಸಿಯೂ ಗಾಲ್ಜಿಯು ನರತಂತುಗಳೆಲ್ಲ ಒಂದಕ್ಕೊಂದು ಬೆಸೆದ ಅಖಂಡಜಾಲವೆಂದು ತಿಳಿದನು. ಕಹಾಲನು ಒಂದೊಂದು ಕೋಶವೂ ಪ್ರತ್ಯೇಕವೆಂದು ೧೮೮೮ರಿಂದ ಸಾಧಿಸತೊಡಗಿದನು. ೧೯೦೬ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಪಾರಿತೋಷಕವು ಸಂದಾಗಲೂ ಗಾಲ್ಜಿಯು ತನ್ನ ಮತವನ್ನು ಬಿಡಲಿಲ್ಲ. ೧೯೫೦ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶಕ್ಕೂ ಕೋಶಕ್ಕೂ ನಡುವಣ ಅಂತರವನ್ನು ತೋರಿಸಿ ಕಹಾಲನ ಪಕ್ಷವನ್ನು ಎತ್ತಿಹಿಡಿಯಿತು. ಕೂಡಿಸಿ ಬರೆದ ಚಿತ್ರವೂ ಸತ್ಯವಾಗಬಹುದೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣವು ಬೇಕಾಗಿಲ್ಲ.

ಇನ್ನು ನಮ್ಮ ಕಾಲದ ಚಿತ್ರಗಳು. ಎಲೆಕ್ಟ್ರಾನುಗಳಿಂದ ಮೂಡುವ ಬಿಂಬದಲ್ಲಿ ಬಣ್ಣವಿಲ್ಲ. ಪುಸ್ತಕಗಳಲ್ಲಿ ಕಾಣುವ ಹಸುರು ಕೆಂಪುಗಳನ್ನು ಆಮೇಲೆ ಹಚ್ಚಿದುದು. ೧೯೬೨ರಲ್ಲಿ ಶಿಮೊಮುರಾ ಎಂಬ ಜಪಾನೀ ವಿಜ್ಞಾನಿಯು ಒಂದು ಲೋಳೆಮೀನಿನಿಂದ ಬೇರ್ಪಡಿಸಿದ, ಹಸುರಾಗಿ ಬೆಳಗುವ ಪ್ರೋಟೀನಿನ ಸಹಾಯದಿಂದ ಈಗ ಬದುಕಿರುವ ಕೋಶಗಳೊಳಗಿನ ಅಂಗಗಳನ್ನೇ ಬೆಳಗಿಸಿ ನೋಡಬಹುದಾಗಿದೆ. ಈ ಶೋಧನೆಗೆ ೨೦೦೮ರಲ್ಲಿ ಅವನಿಗೂ ಚಾಲ್ಫಿ, ಚೆನ್ ಎಂಬವರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಇಲ್ಲಿಯೂ ಎಷ್ಟೋ ವೇಳೆ ಗ್ರಾಹಕಯಂತ್ರವು ಹಿಡಿಯುವುದು ಬೆಳಕಿನ ಹೆಚ್ಚುಕಡಮೆಯನ್ನು ಮಾತ್ರ. ಪರದೆಯ ಮೇಲಿನ ವರ್ಣವನ್ನು ಆರಿಸುವವನು ಮನುಷ್ಯನೇ. ಯಂತ್ರವು ಬಂದುದರಿಂದ ಯೋಜನೆಯು ಹೋಗಲಿಲ್ಲ; ಮರೆಯಾಯಿತು, ಅಷ್ಟೆ. ಈ ಮರೆಯ ಅಪಾಯವನ್ನು ಕಂಡೇ ಕೋಶವಿಜ್ಞಾನದ ಒಂದು ಪ್ರಮುಖ ಅಮೆರಿಕನ್ ಪತ್ರಿಕೆಯು ೨೦೦೨ರಿಂದ, ಅಂಗೀಕೃತವಾದ ಲೇಖನಗಳ ಚಿತ್ರಗಳನ್ನು ಯಾರಾದರೂ ತಿದ್ದಿದ್ದಾರೆಯೇ ಎಂದು ಪರೀಕ್ಷಿಸುವ ಪದ್ಧತಿಯನ್ನು ಇಟ್ಟುಕೊಂಡಿತು.

೬

ಇದುವರೆಗಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಸೂಕ್ಷ್ಮದರ್ಶಕದ ಚಿತ್ರವು ಎಂದೂ ಬರಿಯ ಪ್ರತಿಬಿಂಬವಾಗಿರಲಿಲ್ಲ. ಹುಕ್ಕನು ಬೆಳಕನ್ನು ಆರಿಸಿದನು, ಎರೆನ್‌ಬರ್ಗನು ಬಣ್ಣ ತಿನ್ನಿಸಿದನು, ಹೆಕೆಲನು ಸಮಾಂಗತೆಯನ್ನು ತೀಡಿದನು, ಕಹಾಲನು ಛೇದಗಳನ್ನು ಕೂಡಿಸಿದನು, ಇಂದಿನವನು ವರ್ಣವನ್ನು ಹಂಚುತ್ತಾನೆ. ಯೋಜನೆಯಿರುವುದೇ ದೋಷವೆಂದರೆ ಇವರಲ್ಲಿ ಯಾರೂ ನಿರ್ದೋಷಿಗಳಲ್ಲ; ಯೋಜನೆಯು ಕಲೆಯಾದುದರಿಂದ ಎಲ್ಲವೂ ಕ್ಷಮ್ಯವೆಂದರೆ ಮೂರು ಹೆಸರಿನ ಒಂದು ಅಚ್ಚೂ ಕ್ಷಮ್ಯವಾಗಬೇಕಾಗುತ್ತದೆ. ಎರಡೂ ಅತಿಯಾದ ಮಾತುಗಳು. ಚಿತ್ರವು ಜಾತಿಯನ್ನು ಹೇಳುತ್ತದೆಯೋ ವ್ಯಕ್ತಿಯನ್ನು ಹೇಳುತ್ತದೆಯೋ ಎಂಬುದನ್ನು ಚಿತ್ರಕಾರನು ತಿಳಿಸಿರಬೇಕು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡಕೂಡದು. ಈ ನಿಯಮವನ್ನು ಪಾಲಿಸಿದಲ್ಲಿ ಲಾವಣ್ಯವು ಸತ್ಯಕ್ಕೆ ಶತ್ರುವಾಗುವುದಿಲ್ಲ.

ಕುಂತಕನ ಆಕ್ಷೇಪಕ್ಕೂ ಇಲ್ಲಿ ಸಾಕಷ್ಟು ಅವಕಾಶವುಂಟು. ಸ್ವಭಾವವು ಅಲಂಕಾರ್ಯವೆಂಬ ಅವನ ಮಾತನ್ನು ನೆನಪಿನಲ್ಲಿಟ್ಟುಕೊಂಡ ಚಿತ್ರಕಾರನು ತಾನು ಅಲಂಕರಿಸಿದುದೆಷ್ಟು, ವಸ್ತುವಿನಲ್ಲಿ ಇದ್ದುದೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳಬಲ್ಲನು. ಕಾವ್ಯವನ್ನು ಬೋಧಿಸುವವರು ಸ್ವಭಾವೋಕ್ತಿಯ ಪಾಠದಲ್ಲಿ ಜಿಂಕೆಯ ಓಟವನ್ನೂ ಕರುವಿನ ಚೆಲ್ಲಾಟವನ್ನೂ ಉದಾಹರಿಸುವುದು ವಾಡಿಕೆ. ಅವುಗಳ ಜತೆಗೆ ಹೆಕೆಲನ ರೇಡಿಯೊಲೇರಿಯಾ ಪಟವೊಂದನ್ನೂ, ಅವನ ಭ್ರೂಣಪಟವೊಂದನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ, ಇದ್ದುದನ್ನು ಚೆಲುವಾಗಿ ಹೇಳುವುದಕ್ಕೂ ಬೇಕಾದುದನ್ನು ಇದ್ದಂತೆ ಹೇಳುವುದಕ್ಕೂ ಇರುವ ಅಂತರವು ವಿದ್ಯಾರ್ಥಿಗಳಿಗೆ ಪ್ರತ್ಯಕ್ಷವಾಗಿ ತಿಳಿದೀತು. ಎರಡೂ ಒಂದೇ ಕೈಯಿಂದ ಬಂದುವಾದುದರಿಂದಲೇ ಆ ಪಾಠವು ಹೆಚ್ಚು ಬೆಲೆಯುಳ್ಳದು.